ಮನೆಗೇ ಬಂದ ಮ್ಯೂಸಿಯಂ: ಮಕ್ಕಳಿಗೆ ಅಮೆರಿಕದ ಇತಿಹಾಸ, ಪೌರನೀತಿ ಕಲಿಸುವ ದಾರಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ತಂದೆತಾಯಿಗಳು ಮಕ್ಕಳ ಗಣಿತದ ಹೋಂವರ್ಕಿಗೆ ಹೆದರುವವರಲ್ಲ. ವಿಜ್ಞಾನವಾದರೂ ಅಷ್ಟೆ, ಕೂರಿಸಿಕೊಂಡು ಹೇಳಿಕೊಡುತ್ತಾರೆ. ಆದರೆ ಏಳನೇ ತರಗತಿಯ ಮಗಳು ‘ಅಪ್ಪಾ, ಹದಿನಾಲ್ಕನೇ ತಿದ್ದುಪಡಿ ಯಾಕೆ ಬಂತು?’ ಎಂದು ಕೇಳಿದರೆ ಹಲವರು ತಡವರಿಸುತ್ತಾರೆ. ಇದು ಸಹಜವೇ. ನಮ್ಮ ಪಠ್ಯಪುಸ್ತಕದಲ್ಲಿ ಇದ್ದದ್ದು ಕಿತ್ತೂರು ಚೆನ್ನಮ್ಮ, ಶಿವಪುರದ ಧ್ವಜ ಸತ್ಯಾಗ್ರಹ, ನಮ್ಮ ಸಂವಿಧಾನದ ಪ್ರಸ್ತಾವನೆ. ವಾಷಿಂಗ್ಟನ್, ಲಿಂಕನ್ ಒಂದೆರಡು ಪುಟಗಳಲ್ಲಿ ಬಂದು ಹೋದವರು.

ತಡವರಿಸುವವರು ವಲಸೆ ಹೋದವರಷ್ಟೇ ಅಲ್ಲ. ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಪ್ರಗತಿ ಮೌಲ್ಯಮಾಪನದ 2022ರ ಫಲಿತಾಂಶದಲ್ಲಿ, ಎಂಟನೇ ತರಗತಿಯ ಮಕ್ಕಳಲ್ಲಿ ಪೌರನೀತಿಯಲ್ಲಿ ನಿರೀಕ್ಷಿತ ಮಟ್ಟ ಮುಟ್ಟಿದವರು ಶೇ 22 ಮಾತ್ರ. ಅಮೆರಿಕದ ಇತಿಹಾಸದಲ್ಲಿ ಶೇ 13. ಪೌರನೀತಿಯ ಈ ಪರೀಕ್ಷೆ 1998ರಲ್ಲಿ ಶುರುವಾದ ಮೇಲೆ ಸರಾಸರಿ ಅಂಕ ಇಳಿದದ್ದು ಅದೇ ಮೊದಲು. ಓದು ಮತ್ತು ಗಣಿತಕ್ಕೆ ಶಾಲೆಗಳು ಹೆಚ್ಚು ಸಮಯ ಕೊಡುತ್ತ ಬಂದಾಗ ಸಮಾಜ ವಿಜ್ಞಾನದ ಪಾಲು ಕುಗ್ಗಿತು ಎಂದು ಅಲ್ಲಿನ ಶಿಕ್ಷಕರು ಬಹಳ ಕಾಲದಿಂದ ಹೇಳುತ್ತಿದ್ದಾರೆ.

ಈ ಕೊರತೆಯನ್ನು ತುಂಬುವ ಕೆಲಸಕ್ಕೆ ಅಲ್ಲಿನ ಮ್ಯೂಸಿಯಂಗಳು, ಪತ್ರಾಗಾರಗಳು, ಗ್ರಂಥಾಲಯಗಳು ಕೈಹಾಕಿವೆ. 2020ರಲ್ಲಿ ಕೋವಿಡ್‌ನಿಂದ ಬಾಗಿಲು ಮುಚ್ಚಿದಾಗ ಅವು ಶಾಲಾ ಕಾರ್ಯಕ್ರಮಗಳನ್ನು ಆನ್‌ಲೈನ್‌ಗೆ ತಂದವು. ಬಾಗಿಲು ತೆರೆದ ಮೇಲೂ ಅವನ್ನು ಬಿಡಲಿಲ್ಲ. ಸ್ವಾತಂತ್ರ್ಯ ಘೋಷಣೆಗೆ 2026ರ ಜುಲೈ 4ಕ್ಕೆ 250 ವರ್ಷ. ಆ ನೆಪದಲ್ಲಿ ಹೊಸ ಪಾಠಗಳೂ ಸೇರಿಕೊಂಡಿವೆ. ಹೆಚ್ಚಿನವು ಉಚಿತ. ಟೆಕ್ಸಸ್‌ನ ಮನೆಯಲ್ಲಾಗಲಿ ತುಮಕೂರಿನ ಶಾಲೆಯಲ್ಲಾಗಲಿ ಇಂಟರ್‌ನೆಟ್ ಇದ್ದರೆ ಸಾಕು.

ಹಾಗೆಂದು ಲ್ಯಾಪ್‌ಟಾಪ್ ಮುಂದೆ ಮಗುವನ್ನು ಕೂರಿಸಿ ಎದ್ದು ಹೋದರೆ ಏನೂ ದಕ್ಕುವುದಿಲ್ಲ. ಪಠ್ಯಪುಸ್ತಕಕ್ಕಿಂತ ಮ್ಯೂಸಿಯಂ ಬೇರೆಯಾಗುವುದು ಅಲ್ಲಿ ಮೂಲ ವಸ್ತು, ಮೂಲ ಕಾಗದ ಇರುವುದರಿಂದ. ಮಗು ಅದನ್ನು ತಾನೇ ನೋಡಬೇಕು, ತಾನೇ ಪ್ರಶ್ನೆ ಕೇಳಬೇಕು, ಸಾಕ್ಷ್ಯ ನೋಡಿ ತೀರ್ಮಾನಕ್ಕೆ ಬರಬೇಕು. ಪ್ರಜೆಯಾಗಿ ಅದು ಮುಂದೆ ಮಾಡಬೇಕಾದ ಕೆಲಸವೂ ಅದೇ. ಯಾವ ಸಂಸ್ಥೆಯಲ್ಲಿ ಏನು ಸಿಗುತ್ತದೆ, ಅದನ್ನು ಮನೆಯಲ್ಲಿ, ತರಗತಿಯಲ್ಲಿ ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾರ್ಯಕ್ರಮಗಳಲ್ಲಿ ಮೂರು ಬಗೆ

ಮೊದಲನೆಯದು ನೇರ ಕಾರ್ಯಕ್ರಮ. ಮ್ಯೂಸಿಯಂನ ಶಿಕ್ಷಕರು ವಿಡಿಯೊ ಕರೆಯಲ್ಲಿ ತರಗತಿಯೊಂದಿಗೆ ಮಾತಾಡುತ್ತಾರೆ, ವಸ್ತು ತೋರಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ. ಇದನ್ನು ಸಾಮಾನ್ಯವಾಗಿ ಶಾಲೆಯ ಶಿಕ್ಷಕರೇ ಮುಂಚಿತವಾಗಿ ಕಾದಿರಿಸಬೇಕು. ಸರ್ಕಾರಿ ಸಂಸ್ಥೆಗಳಲ್ಲಿ ಬಹುತೇಕ ಉಚಿತ. ಖಾಸಗಿ ಮ್ಯೂಸಿಯಂಗಳು ತರಗತಿಗೆ ಇಷ್ಟು ಎಂದು ಶುಲ್ಕ ಪಡೆಯುವುದುಂಟು.

ಎರಡನೆಯದು ರೆಕಾರ್ಡ್ ಮಾಡಿಟ್ಟ ಪಾಠ ಮತ್ತು ವರ್ಚುವಲ್ ಪ್ರವಾಸ. ಬೇಕಾದಾಗ ನೋಡಬಹುದು, ನಿಲ್ಲಿಸಿ ಮಾತಾಡಬಹುದು. ಮನೆಯವರಿಗೂ ಕರ್ನಾಟಕದ ಶಾಲೆಗಳಿಗೂ ಇದು ಅನುಕೂಲ.

ಮೂರನೆಯದು ಮೂಲ ದಾಖಲೆಗಳ ಸಂಗ್ರಹ. ಪತ್ರ, ಫೋಟೊ, ಭೂಪಟ, ಕಾನೂನಿನ ಕರಡು, ಪತ್ರಿಕೆಯ ಪುಟ ಎಲ್ಲವೂ ಸ್ಕ್ಯಾನ್ ಆಗಿ ಸಿಗುತ್ತವೆ. ನೋಡಲು ಸಪ್ಪೆ ಎನಿಸಿದರೂ ಕಲಿಕೆಯ ತಿರುಳು ಇರುವುದು ಇಲ್ಲೇ.

ಎಲ್ಲಿಂದ ಶುರು ಮಾಡಬೇಕು?

*ನ್ಯಾಷನಲ್ ಕಾನ್‌ಸ್ಟಿಟ್ಯೂಷನ್ ಸೆಂಟರ್, ಫಿಲಡೆಲ್ಫಿಯಾ.* ಸಂವಿಧಾನಕ್ಕೇ ಮೀಸಲಾದ ಈ ಮ್ಯೂಸಿಯಂ 2003ರ ಜುಲೈ 4ರಂದು ತೆರೆಯಿತು. ಪೌರನೀತಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಇದರ ‘ಇಂಟರಾಕ್ಟಿವ್ ಕಾನ್‌ಸ್ಟಿಟ್ಯೂಷನ್’ನಲ್ಲಿ ಸಂವಿಧಾನದ ಯಾವುದೇ ವಿಧಿ ಅಥವಾ ತಿದ್ದುಪಡಿಯನ್ನು ತೆರೆದರೂ ಒಂದು ವಿಶೇಷ ಕಾಣುತ್ತದೆ. ಭಿನ್ನ ನಿಲುವಿನ ಇಬ್ಬರು ವಿದ್ವಾಂಸರು ತಮಗಿಬ್ಬರಿಗೂ ಒಪ್ಪಿಗೆಯಾದ ಅಂಶಗಳನ್ನು ಮೊದಲು ಜೊತೆಯಾಗಿ ಬರೆದಿರುತ್ತಾರೆ. ಒಪ್ಪಿಗೆ ಎಲ್ಲಿ ಮುರಿಯುತ್ತದೋ ಅಲ್ಲಿಂದ ಮುಂದೆ ಬೇರೆ ಬೇರೆಯಾಗಿ ವಾದ ಮಂಡಿಸಿರುತ್ತಾರೆ. ಬಂದೂಕು ಹೊಂದುವ ಹಕ್ಕಿನ ಎರಡನೇ ತಿದ್ದುಪಡಿಯಂಥ ಬಿಸಿ ವಿಷಯದಲ್ಲೂ ಇದೇ ಕ್ರಮ. ಮನೆಯಲ್ಲಿ ವಾದವೆಂದರೆ ಜಗಳ ಎಂದುಕೊಂಡಿರುವ ಮಕ್ಕಳಿಗೆ ಇದನ್ನು ಓದಿಸಲೇಬೇಕು. ‘ಕಾನ್‌ಸ್ಟಿಟ್ಯೂಷನ್ 101’ ಎಂಬ ಸಂಪೂರ್ಣ ಪಾಠಮಾಲೆಯೂ ಇಲ್ಲಿದೆ. ಖಾನ್ ಅಕಾಡೆಮಿಯಲ್ಲೂ ಅದರ ಉಚಿತ ರೂಪ ಸಿಗುತ್ತದೆ. ಒಂದು ರಾಜ್ಯದ ತರಗತಿಯನ್ನು ಇನ್ನೊಂದು ರಾಜ್ಯದ ತರಗತಿಯ ಜೊತೆ ಕೂರಿಸಿ ಚರ್ಚೆ ನಡೆಸುವ ಕಾರ್ಯಕ್ರಮವನ್ನೂ ಈ ಸಂಸ್ಥೆ ಬೆಳೆಸಿದೆ.

*ನ್ಯಾಷನಲ್ ಆರ್ಕೈವ್ಸ್, ವಾಷಿಂಗ್ಟನ್.* ಸ್ವಾತಂತ್ರ್ಯ ಘೋಷಣೆ, ಸಂವಿಧಾನ, ಹಕ್ಕುಗಳ ಮಸೂದೆ ಈ ಮೂರರ ಮೂಲ ಪ್ರತಿಗಳು ಇರುವುದು ಇಲ್ಲಿ. ಇದರ ‘ಡಾಕ್ಸ್‌ಟೀಚ್’ 2010ರಿಂದ ಶಿಕ್ಷಕರ ಕೈಯಲ್ಲಿದೆ. ದಾಖಲೆಗಳನ್ನು ಕಾಲಕ್ರಮದಲ್ಲಿ ಜೋಡಿಸುವುದು, ಎರಡನ್ನು ಹೋಲಿಸುವುದು, ಸಾಕ್ಷ್ಯವನ್ನು ತೂಗಿ ನೋಡುವುದು ಹೀಗೆ ತರಹೇವಾರಿ ಚಟುವಟಿಕೆಗಳಿವೆ. ಶಿಕ್ಷಕರು ತಮ್ಮ ಪಾಠಕ್ಕೆ ಬೇಕಾದಂತೆ ಹೊಸದನ್ನೂ ಕಟ್ಟಿಕೊಳ್ಳಬಹುದು. ಚಿಕ್ಕ ಮಕ್ಕಳಿಗೂ ದೊಡ್ಡವರಿಗೂ ಬೇರೆ ಬೇರೆಯಾಗಿ ಮಾಡಿರುವ ಇದರ ದಾಖಲೆ ವಿಶ್ಲೇಷಣೆಯ ಹಾಳೆಗಳನ್ನು ಮುದ್ರಿಸಿಟ್ಟುಕೊಂಡರೆ ಯಾವ ಮ್ಯೂಸಿಯಂನ ವಸ್ತುವಿಗಾದರೂ ಬಳಸಬಹುದು.

*ಲೈಬ್ರರಿ ಆಫ್ ಕಾಂಗ್ರೆಸ್.* 1800ರಲ್ಲಿ ಹುಟ್ಟಿದ ಈ ಗ್ರಂಥಾಲಯ ಶಿಕ್ಷಕರಿಗಾಗಿ ವಿಷಯವಾರು ‘ಮೂಲ ಆಕರಗಳ ಕಂತೆ’ಗಳನ್ನು ಕಟ್ಟಿಟ್ಟಿದೆ. ಗಮನಿಸು, ಯೋಚಿಸು, ಪ್ರಶ್ನಿಸು ಎಂಬ ಮೂರು ಹೆಜ್ಜೆಯ ವಿಧಾನ ಇದರದ್ದು. ‘ಕ್ರಾನಿಕ್ಲಿಂಗ್ ಅಮೆರಿಕ’ದಲ್ಲಿ ಹಳೆಯ ಪತ್ರಿಕೆಗಳ ಲಕ್ಷಾಂತರ ಪುಟಗಳಿವೆ, ಪದ ಹಾಕಿ ಹುಡುಕಬಹುದು. ಒಂದು ಘಟನೆಯನ್ನು ಎರಡು ಊರಿನ ಪತ್ರಿಕೆಗಳು ಹೇಗೆ ಬರೆದವು ಎಂದು ಹೋಲಿಸುವುದು ಹೈಸ್ಕೂಲು ಮಕ್ಕಳಿಗೆ ಒಳ್ಳೆಯ ಅಭ್ಯಾಸ.

*ಸ್ಮಿತ್ಸೋನಿಯನ್.* ಅಮೆರಿಕವನ್ನು ಒಮ್ಮೆಯೂ ಕಾಣದ ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಸ್ಮಿತ್ಸನ್ ಬಿಟ್ಟುಹೋದ ಆಸ್ತಿಯಿಂದ 1846ರಲ್ಲಿ ಸ್ಥಾಪನೆಯಾದ ಸಂಸ್ಥೆ. ಇಂದು 21 ಮ್ಯೂಸಿಯಂಗಳು ಇದರಡಿ ಇವೆ. 2020ರ ಫೆಬ್ರುವರಿಯಲ್ಲಿ ಇದು 28 ಲಕ್ಷ ಚಿತ್ರಗಳನ್ನು ಯಾವ ಹಕ್ಕುಸ್ವಾಮ್ಯದ ತಡೆಯೂ ಇಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಆಮೇಲೆ ಸಂಖ್ಯೆ ಇನ್ನೂ ಬೆಳೆದಿದೆ. ‘ಲರ್ನಿಂಗ್ ಲ್ಯಾಬ್’ನಲ್ಲಿ ಮಗು ತನಗೆ ಬೇಕಾದ ವಸ್ತುಗಳನ್ನು ಆರಿಸಿ ತನ್ನದೇ ಪುಟ್ಟ ಪ್ರದರ್ಶನ ಮಾಡಬಹುದು. ಇದೇ ಸಂಸ್ಥೆಯ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂನಲ್ಲಿ, ಜೆಫರ್ಸನ್ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದ ಸಣ್ಣ ಬರವಣಿಗೆ ಪೆಟ್ಟಿಗೆಯಿಂದ ಹಿಡಿದು ಗ್ರೀನ್ಸ್‌ಬರೊದ ಊಟದ ಕೌಂಟರಿನವರೆಗೆ ಪಾಠಕ್ಕೆ ಒದಗುವ ವಸ್ತುಗಳು ತುಂಬಿವೆ.

ಆ ಕೌಂಟರಿನ ಕಥೆಯನ್ನು ಮಿಡ್ಲ್ ಸ್ಕೂಲ್ ಮಕ್ಕಳಿಗೆ ತಪ್ಪದೆ ತೋರಿಸಿ. 1960ರ ಫೆಬ್ರುವರಿ 1ರಂದು ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಯ ಬಿಳಿಯರಿಗೆ ಮೀಸಲಾಗಿದ್ದ ಕೌಂಟರಿನಲ್ಲಿ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು. ಅದೇ ಜುಲೈನಲ್ಲಿ ಅಂಗಡಿ ಮಣಿಯಿತು. ಗಾಂಧೀಜಿಯ ಸತ್ಯಾಗ್ರಹವನ್ನು ಶಾಲೆಯಲ್ಲಿ ಓದಿದ ತಂದೆತಾಯಿಗಳಿಗೆ ಇದನ್ನು ವಿವರಿಸಲು ಯಾರ ಸಹಾಯವೂ ಬೇಡ.

ಒಂದೇ ಹಾಳೆ, ಒಂದು ಗಂಟೆಯ ಪಾಠ

ದಾಖಲೆ ಓದುವುದೆಂದರೆ ಏನು ಎಂಬುದಕ್ಕೆ ಒಂದು ಮಾದರಿ ನೋಡೋಣ. ಫಿಲಡೆಲ್ಫಿಯಾದಲ್ಲಿ 2017ರಲ್ಲಿ ತೆರೆದ ಮ್ಯೂಸಿಯಂ ಆಫ್ ದಿ ಅಮೆರಿಕನ್ ರೆವಲ್ಯೂಷನ್, ‘ಹೆಂಗಸರು ಮತದ ಹಕ್ಕು ಕಳೆದುಕೊಂಡಾಗ’ ಎಂಬ ಅರ್ಥದ ಶೀರ್ಷಿಕೆಯಲ್ಲಿ 1776ರಿಂದ 1807ರವರೆಗಿನ ನ್ಯೂಜೆರ್ಸಿಯ ಕಥೆಯನ್ನು ಆನ್‌ಲೈನ್ ಪ್ರದರ್ಶನವಾಗಿ ಇಟ್ಟಿದೆ. ಅದರಲ್ಲಿ 1801ರ ಮಾಂಟ್‌ಗೊಮರಿ ಟೌನ್‌ಶಿಪ್‌ನ ಮತದಾರರ ಪಟ್ಟಿ ಇದೆ. ಇಂದು ಭಾರತೀಯ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿರುವ ಊರು ಅದು.

ಪಟ್ಟಿಯನ್ನು ಪರದೆಯ ತುಂಬ ದೊಡ್ಡದು ಮಾಡಿ. ಮೊದಲ ಐದು ನಿಮಿಷ ಏನನ್ನೂ ವಿವರಿಸಬೇಡಿ. ‘ಏನು ಕಾಣುತ್ತಿದೆ?’ ಎಂದಷ್ಟೇ ಕೇಳಿ. ಕೈಬರಹ, ಶಾಯಿ, ಸಾಲಾಗಿ ಹೆಸರುಗಳು. ಮಗು ಹೆಸರುಗಳನ್ನು ಓದುತ್ತ ಹೋದಂತೆ ಗಂಡಸರ ನಡುವೆ ಹೆಂಗಸರ ಹೆಸರುಗಳು ಸಿಗುತ್ತವೆ. ಆಗ ಪ್ರಶ್ನೆ ತಾನಾಗಿಯೇ ಏಳುತ್ತದೆ: ಅಮೆರಿಕದಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದು 1920ರ ಹತ್ತೊಂಬತ್ತನೇ ತಿದ್ದುಪಡಿಯಿಂದ ಎಂದು ಪುಸ್ತಕದಲ್ಲಿದೆಯಲ್ಲ, ಇವರು ಅದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಮತ ಹಾಕಿದ್ದು ಹೇಗೆ?

ಈಗ ಎರಡನೇ ದಾಖಲೆ ತೆರೆಯಿರಿ. ನ್ಯೂಜೆರ್ಸಿಯ 1776ರ ರಾಜ್ಯ ಸಂವಿಧಾನ ‘ಎಲ್ಲ ನಿವಾಸಿಗಳು’ ಎಂದಿತ್ತು. 50 ಪೌಂಡ್ ಮೌಲ್ಯದ ಆಸ್ತಿ ಇರಬೇಕು ಎಂದಿತ್ತೇ ಹೊರತು ಗಂಡಸೇ ಆಗಿರಬೇಕು, ಬಿಳಿಯರೇ ಆಗಿರಬೇಕು ಎಂದಿರಲಿಲ್ಲ. 1790ರ ಕಾನೂನು ಮತದಾರರನ್ನು ಹೆಸರಿಸುವಾಗ ‘ಅವನು ಅಥವಾ ಅವಳು’ ಎಂದೇ ಬರೆಯಿತು. ಹಾಗಾದರೆ ಎಲ್ಲ ಹೆಂಗಸರೂ ಮತ ಹಾಕಿದರೇ? ಇಲ್ಲ. ಮದುವೆಯಾದ ಹೆಂಗಸಿನ ಆಸ್ತಿ ಕಾನೂನಿನಲ್ಲಿ ಗಂಡನ ಹೆಸರಿಗೆ ಸೇರುತ್ತಿತ್ತು. ಹೀಗಾಗಿ ಮತ ಹಾಕಿದವರು ಹೆಚ್ಚಾಗಿ ಅವಿವಾಹಿತರು ಮತ್ತು ವಿಧವೆಯರು. ಆಸ್ತಿಯಿದ್ದ ಸ್ವತಂತ್ರ ಕಪ್ಪು ಜನರಲ್ಲೂ ಕೆಲವರು ಮತ ಹಾಕಿದ್ದರು. 1807ರಲ್ಲಿ ಶಾಸನಸಭೆ ಹೊಸ ಕಾನೂನು ಮಾಡಿ ಮತದಾನವನ್ನು ತೆರಿಗೆ ಕಟ್ಟುವ ಬಿಳಿ ಗಂಡಸರಿಗೆ ಸೀಮಿತಗೊಳಿಸಿತು.

ಕೊನೆಯ ಹತ್ತು ನಿಮಿಷ ಮಾತುಕತೆಗೆ ಇಡಿ. ಹಕ್ಕು ಒಮ್ಮೆ ಬಂದರೆ ಶಾಶ್ವತವೇ? ಅದನ್ನು ಕಿತ್ತುಕೊಳ್ಳಲು ಏನು ಸಾಕಾಯಿತು? ಕಿತ್ತುಕೊಂಡವರು ಕೊಟ್ಟ ಕಾರಣ ಏನಿದ್ದಿರಬಹುದು, ಅದನ್ನು ಯಾವ ದಾಖಲೆಯಲ್ಲಿ ಹುಡುಕಬೇಕು? ಒಂದು ಹಾಳೆಯಿಂದ ಆರಂಭಿಸಿದ ಮಗು ರಾಜ್ಯ ಸಂವಿಧಾನ, ಆಸ್ತಿಯ ಕಾನೂನು, ಶಾಸನಸಭೆಯ ಅಧಿಕಾರ, ತಿದ್ದುಪಡಿ ಎಲ್ಲವನ್ನೂ ಮುಟ್ಟಿ ಬರುತ್ತದೆ. ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ವಾರಕ್ಕೆ ಮರೆಯುತ್ತದೆ. ಹೀಗೆ ತಾನೇ ಕಂಡುಕೊಂಡದ್ದು ಉಳಿಯುತ್ತದೆ.

ನಮ್ಮವರ ಕಥೆಯೂ ಅಲ್ಲಿದೆ

ಅಮೆರಿಕದ ಇತಿಹಾಸ ತಮಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ವಲಸಿಗರ ಮಕ್ಕಳಲ್ಲಿ ಬೇಗ ಬೇರೂರುತ್ತದೆ. ಅದನ್ನು ಹೋಗಲಾಡಿಸಲು ಭಗತ್ ಸಿಂಗ್ ಥಿಂಡ್ ಅವರ ಪ್ರಕರಣ ಓದಿಸಿ. ಪಂಜಾಬಿನಿಂದ 1913ರಲ್ಲಿ ಅಮೆರಿಕಕ್ಕೆ ಹೋದ ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಸೈನ್ಯ ಸೇರಿದ್ದರು. ಆದರೂ 1923ರ ಫೆಬ್ರುವರಿ 19ರಂದು ಸುಪ್ರೀಂ ಕೋರ್ಟ್, ಸಾಮಾನ್ಯ ಜನರ ತಿಳಿವಳಿಕೆಯಂತೆ ಅವರು ‘ಬಿಳಿಯ ವ್ಯಕ್ತಿ’ ಅಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಳ್ಳಲಾಯಿತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರ ಲೂಸ್–ಸೆಲ್ಲರ್ ಕಾಯ್ದೆ. ಅದೂ ವರ್ಷಕ್ಕೆ 100 ಜನರ ವಲಸೆ ಮಿತಿಯೊಂದಿಗೆ. ಹತ್ತೇ ವರ್ಷದಲ್ಲಿ, 1956ರಲ್ಲಿ, ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಲು ದಾರಿಯಾದದ್ದು 1965ರ ವಲಸೆ ಕಾಯ್ದೆ. ಈ ಕಾಲದ ಪತ್ರ, ಫೋಟೊ, ಪತ್ರಿಕಾ ತುಣುಕುಗಳು ‘ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್’ನಲ್ಲಿ ಉಚಿತವಾಗಿ ನೋಡಸಿಗುತ್ತವೆ. 2008ರಲ್ಲಿ ಹುಟ್ಟಿದ ಈ ಪತ್ರಾಗಾರದ ಸಂಗ್ರಹವೇ ಆನ್‌ಲೈನ್.

ನ್ಯೂಯಾರ್ಕಿನ ಟೆನಮೆಂಟ್ ಮ್ಯೂಸಿಯಂ ವಲಸಿಗ ಕುಟುಂಬಗಳು ಬಾಡಿಗೆಗಿದ್ದ 1863ರ ಕಟ್ಟಡದಲ್ಲಿದೆ. ಅದರ ‘ಯುವರ್ ಸ್ಟೋರಿ, ಅವರ್ ಸ್ಟೋರಿ’ ಯೋಜನೆಯಲ್ಲಿ ವಿದ್ಯಾರ್ಥಿಗಳು ತಮ್ಮ ಮನೆಯ ಒಂದು ವಸ್ತುವಿನ ಫೋಟೊ ಹಾಕಿ ಅದರ ಕಥೆ ಬರೆಯಬಹುದು. ಅಜ್ಜಿ ಸೂಟ್‌ಕೇಸಿನಲ್ಲಿ ಹೊತ್ತು ತಂದ ಹಿತ್ತಾಳೆಯ ಚಕ್ಕುಲಿ ಒರಳು, ಅಪ್ಪನ ಮೊದಲ ವೀಸಾ ಇದ್ದ ಪಾಸ್‌ಪೋರ್ಟ್, ಯಕ್ಷಗಾನದ ಗೆಜ್ಜೆ, ಯಾವುದಾದರೂ ಆದೀತು. ಕನ್ನಡ ಕೂಟಗಳ ವಾರಾಂತ್ಯದ ಕನ್ನಡ ಶಾಲೆಗಳು ಇದನ್ನು ಒಂದು ಚಟುವಟಿಕೆಯಾಗಿ ಮಾಡಿಸಬಹುದು: ಮಗು ಮನೆಯವರನ್ನು ಕನ್ನಡದಲ್ಲಿ ಮಾತಾಡಿಸಿ, ಇಂಗ್ಲಿಷಿನಲ್ಲಿ ಬರೆದು ಸೇರಿಸಲಿ.

ಇತರರ ನೋವನ್ನೂ ಮಕ್ಕಳು ಅರಿಯಬೇಕು. ಲಾಸ್ ಏಂಜಲಿಸ್‌ನ ಜಪಾನೀಸ್ ಅಮೆರಿಕನ್ ನ್ಯಾಷನಲ್ ಮ್ಯೂಸಿಯಂ ಶಾಲೆಗಳಿಗೆ ವರ್ಚುವಲ್ ಭೇಟಿ ಏರ್ಪಡಿಸುತ್ತದೆ. 1942ರ ಫೆಬ್ರುವರಿ 19ರ ಅಧ್ಯಕ್ಷರ ಆದೇಶದ ನಂತರ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಅಮೆರಿಕನ್ ಇಂಡಿಯನ್ನರ ರಾಷ್ಟ್ರೀಯ ಮ್ಯೂಸಿಯಂನ ‘ನೇಟಿವ್ ನಾಲೆಡ್ಜ್ 360’ ಮೂಲನಿವಾಸಿಗಳೊಂದಿಗೆ ಸರ್ಕಾರ ಮಾಡಿಕೊಂಡ ಒಪ್ಪಂದಗಳನ್ನೂ 1830ರ ಕಾಯ್ದೆಯ ನಂತರ ಅವರನ್ನು ನೆಲದಿಂದ ಎಬ್ಬಿಸಿದ್ದನ್ನೂ ಪಾಠವಾಗಿಸಿದೆ. ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಮ್ಯೂಸಿಯಂನ ‘ಸರ್ಚಬಲ್ ಮ್ಯೂಸಿಯಂ’ ಗುಲಾಮಗಿರಿಯ ಕಾಲದಿಂದ ಈಚೆಗಿನ ಕಥೆಯನ್ನು ವಸ್ತುಗಳ ಮೂಲಕ ಹೇಳುತ್ತದೆ.

ವಯಸ್ಸಿಗೆ ತಕ್ಕ ಆಯ್ಕೆ

ಐದನೇ ತರಗತಿಯೊಳಗಿನ ಮಕ್ಕಳಿಗೆ ಒಂದು ವಸ್ತು, ಇಪ್ಪತ್ತು ನಿಮಿಷ ಸಾಕು. ಸ್ಮಿತ್ಸೋನಿಯನ್‌ನಲ್ಲಿರುವ, 1814ರಲ್ಲಿ ರಾಷ್ಟ್ರಗೀತೆಗೆ ಸ್ಫೂರ್ತಿಯಾದ ಬಾವುಟ ಒಳ್ಳೆಯ ಆಯ್ಕೆ. ಹೊಲಿದಾಗ ಅದು 42 ಅಡಿ ಉದ್ದ, 30 ಅಡಿ ಅಗಲವಿತ್ತು. ನೆನಪಿಗೆಂದು ಜನರಿಗೆ ತುಂಡುಗಳನ್ನು ಕತ್ತರಿಸಿ ಕೊಟ್ಟು ಕೊಟ್ಟು ಈಗ 34 ಅಡಿ ಉದ್ದ ಉಳಿದಿದೆ. 15 ನಕ್ಷತ್ರಗಳಲ್ಲಿ ಒಂದಿಲ್ಲ. ಮನೆಯಂಗಳದಲ್ಲಿ ಟೇಪು ಹಿಡಿದು 42 ಅಡಿ ಅಳೆಸಿ, ಆಮೇಲೆ ಕೇಳಿ: ಹಾಗೆ ಕತ್ತರಿಸಿ ಕೊಟ್ಟದ್ದು ಸರಿಯೇ? ರಾಷ್ಟ್ರದ ವಸ್ತು ಯಾರಿಗೆ ಸೇರಿದ್ದು?

ಆರರಿಂದ ಎಂಟನೇ ತರಗತಿಯವರಿಗೆ ನಿರ್ಧಾರ ತೆಗೆದುಕೊಳ್ಳುವ ಆಟಗಳು ಹಿಡಿಸುತ್ತವೆ. ಜಾರ್ಜ್ ವಾಷಿಂಗ್ಟನ್ ಅವರ ಮನೆ ಮೌಂಟ್ ವರ್ನನ್‌ನ ‘ಬಿ ವಾಷಿಂಗ್ಟನ್’ನಲ್ಲಿ ಸಲಹೆಗಾರರ ಮಾತು ಕೇಳಿ ತಾವೇ ತೀರ್ಮಾನಿಸಬೇಕು, ನಂತರ ವಾಷಿಂಗ್ಟನ್ ಏನು ಮಾಡಿದರು ಎಂದು ತಿಳಿಯುತ್ತದೆ. ಅದೇ ತಾಣದ ವರ್ಚುವಲ್ ಪ್ರವಾಸದಲ್ಲಿ ಆ ಎಸ್ಟೇಟಿನಲ್ಲಿ ಗುಲಾಮರಾಗಿ ದುಡಿದವರ ಬದುಕನ್ನೂ ತೋರಿಸಿ. ಒಂದನ್ನು ಬಿಟ್ಟು ಇನ್ನೊಂದನ್ನು ತೋರಿಸಿದರೆ ಪಾಠ ಅರ್ಧವಾಗುತ್ತದೆ. ಮ್ಯೂಸಿಯಂ ಅಲ್ಲದಿದ್ದರೂ, ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ 2009ರಲ್ಲಿ ಆರಂಭಿಸಿದ ‘ಐಸಿವಿಕ್ಸ್’ನ ಉಚಿತ ಆಟಗಳನ್ನು ಜೊತೆಗೆ ಬಳಸಬಹುದು.

ಹೈಸ್ಕೂಲಿನವರು ನೇರ ದಾಖಲೆಗಳಿಗೆ ಇಳಿಯಲಿ. ಆರರಿಂದ ಹನ್ನೆರಡನೇ ತರಗತಿಯವರಿಗೆ ಪ್ರತಿವರ್ಷ ನಡೆಯುವ ‘ನ್ಯಾಷನಲ್ ಹಿಸ್ಟರಿ ಡೇ’ ಸ್ಪರ್ಧೆಗೆ ಪ್ರಬಂಧ, ಸಾಕ್ಷ್ಯಚಿತ್ರ, ನಾಟಕ, ಪ್ರದರ್ಶನ, ವೆಬ್‌ಸೈಟ್ ಯಾವ ರೂಪದಲ್ಲಾದರೂ ಸಂಶೋಧನೆ ಸಲ್ಲಿಸಬಹುದು. ಸ್ಪೆಲ್ಲಿಂಗ್ ಬೀಗೆ ಕೊಡುವ ಶ್ರದ್ಧೆಯನ್ನು ನಮ್ಮವರು ಇದಕ್ಕೂ ಕೊಟ್ಟರೆ ಮಕ್ಕಳಿಗೆ ಲಾಭ ಹೆಚ್ಚು.

ಅಜ್ಜ ಅಜ್ಜಿಯರಿಗೂ ಕೆಲಸವಿದೆ

ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಬೈ ದಿ ಪೀಪಲ್’ ಯೋಜನೆ 2018ರಿಂದ ನಡೆಯುತ್ತಿದೆ. ಸ್ಕ್ಯಾನ್ ಮಾಡಿದ ಹಳೆಯ ಕೈಬರಹದ ಪುಟಗಳನ್ನು ಸಾರ್ವಜನಿಕರು ಓದಿ ಟೈಪ್ ಮಾಡಿಕೊಡುತ್ತಾರೆ. ಆಗ ಅವು ಹುಡುಕಾಟಕ್ಕೆ ಸಿಗುತ್ತವೆ. ಲಿಂಕನ್ ಅವರಿಗೆ ಬಂದ ಪತ್ರಗಳು, ನಾಗರಿಕ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಅವರ ಕಾಗದಗಳು ಹೀಗೆ ಬೆಳಕಿಗೆ ಬಂದಿವೆ. ನ್ಯಾಷನಲ್ ಆರ್ಕೈವ್ಸ್‌ನಲ್ಲೂ ‘ಸಿಟಿಜನ್ ಆರ್ಕಿವಿಸ್ಟ್’ ಎಂಬ ಇಂಥದೇ ಯೋಜನೆಯಿದೆ. ತೊಡಕು ಏನೆಂದರೆ, ಅಮೆರಿಕದ ಅನೇಕ ಶಾಲೆಗಳು ಕರ್ಸಿವ್ (ಕೂಡುಬರಹ) ಕಲಿಸುವುದನ್ನು ಬಿಟ್ಟಿದ್ದವು. ಮಕ್ಕಳಿಗೆ ಈ ಬರಹ ಓದಲು ಬರುವುದಿಲ್ಲ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಇಂಗ್ಲಿಷ್ ಕಲಿತ ನಮ್ಮ ಹಿರಿಯರಿಗೆ ಅದು ನೀರು ಕುಡಿದಷ್ಟು ಸುಲಭ. ಆರು ತಿಂಗಳ ವೀಸಾದಲ್ಲಿ ಬಂದು ಮನೆಯೊಳಗೇ ದಿನ ದೂಡುವ ಅಜ್ಜ, ಮೊಮ್ಮಗಳ ಪಕ್ಕದಲ್ಲಿ ಕುಳಿತು 1860ರ ದಶಕದ ಪತ್ರವೊಂದನ್ನು ಓದಿ ಹೇಳಲಿ. ಅವಳು ಟೈಪ್ ಮಾಡಲಿ. ಇಬ್ಬರಿಗೂ ಇತಿಹಾಸ ಸಿಗುತ್ತದೆ.

ಪೌರತ್ವ ಪರೀಕ್ಷೆಗೆ ಓದುತ್ತಿರುವವರಿಗೂ ಈ ತಾಣಗಳು ನೆರವಾಗುತ್ತವೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಹೊಸ ಮಾದರಿ ಅನ್ವಯ: 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12ಕ್ಕೆ ಸರಿ ಉತ್ತರ ಹೇಳಬೇಕು. ಅದಕ್ಕೂ ಮೊದಲು ಅರ್ಜಿ ಹಾಕಿದವರಿಗೆ 100ರಲ್ಲಿ 10 ಪ್ರಶ್ನೆ, 6 ಸರಿ ಉತ್ತರ. ಅಮೆರಿಕನ್ ಇತಿಹಾಸದ ಮ್ಯೂಸಿಯಂ ಮತ್ತು ವಲಸೆ ಇಲಾಖೆ ಸೇರಿ ಮಾಡಿದ ‘ಪ್ರಿಪೇರಿಂಗ್ ಫಾರ್ ದಿ ಓಥ್’ ಹಳೆಯ 100 ಪ್ರಶ್ನೆಗಳನ್ನು ಮ್ಯೂಸಿಯಂ ವಸ್ತುಗಳ ಮೂಲಕ ವಿವರಿಸುತ್ತದೆ. ಹಿನ್ನೆಲೆ ತಿಳಿಯಲು ಅದು ಈಗಲೂ ಉಪಯುಕ್ತ. ಪ್ರಶ್ನೆಗಳ ಇತ್ತೀಚಿನ ಪಟ್ಟಿಯನ್ನು ಮಾತ್ರ ಇಲಾಖೆಯ ತಾಣದಲ್ಲೇ ನೋಡಿ. 50 ವರ್ಷ ದಾಟಿ 20 ವರ್ಷ ಗ್ರೀನ್ ಕಾರ್ಡ್‌ನಲ್ಲಿ ಇದ್ದವರು, ಅಥವಾ 55 ದಾಟಿ 15 ವರ್ಷ ಇದ್ದವರು ದುಭಾಷಿಯ ನೆರವಿನಿಂದ ತಮ್ಮ ಭಾಷೆಯಲ್ಲಿ, ಎಂದರೆ ಕನ್ನಡದಲ್ಲೂ, ಈ ಪ್ರಶ್ನೆಗಳಿಗೆ ಉತ್ತರಿಸಬಹುದು. 65 ದಾಟಿ 20 ವರ್ಷ ಇದ್ದವರು 20 ಪ್ರಶ್ನೆಗಳ ಕಿರುಪಟ್ಟಿಯನ್ನಷ್ಟೇ ಓದಿದರೆ ಸಾಕು.

ಕರ್ನಾಟಕದ ಶಿಕ್ಷಕರಿಗೆ

ಪ್ರೌಢಶಾಲೆಯ ಇತಿಹಾಸ ಪಾಠದಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಬರುವಾಗ ಈ ತಾಣಗಳ ಚಿತ್ರ, ದಾಖಲೆಗಳನ್ನು ಸ್ಮಾರ್ಟ್ ಕ್ಲಾಸ್ ಪರದೆಯ ಮೇಲೆ ತೋರಿಸಬಹುದು. ನೇರ ಕಾರ್ಯಕ್ರಮಗಳು ನಮಗೆ ಹೊಂದುವುದು ಕಷ್ಟ: ಫಿಲಡೆಲ್ಫಿಯಾದ ಮಧ್ಯಾಹ್ನ 1 ಗಂಟೆ ಎಂದರೆ ನಮ್ಮಲ್ಲಿ ಬೇಸಿಗೆಯಲ್ಲಿ ರಾತ್ರಿ 10.30, ಚಳಿಗಾಲದಲ್ಲಿ 11.30. ರೆಕಾರ್ಡ್ ಮಾಡಿಟ್ಟ ಪಾಠಗಳನ್ನೇ ಆರಿಸಿಕೊಳ್ಳಿ.

ಎರಡು ಸಂವಿಧಾನಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿಸುವುದು ಇನ್ನೂ ಒಳ್ಳೆಯ ಪಾಠ. ಅದಕ್ಕೆ ಕರ್ನಾಟಕದ್ದೇ ಒಂದು ಕೊಂಡಿಯಿದೆ. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಅವರು 1947ರಲ್ಲಿ ಅಮೆರಿಕಕ್ಕೆ ಹೋಗಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಮೆರಿಕದ ಸಂವಿಧಾನದಲ್ಲಿರುವ ‘ಡ್ಯೂ ಪ್ರೊಸೆಸ್’ (ನ್ಯಾಯಬದ್ಧ ಪ್ರಕ್ರಿಯೆ) ಎಂಬ ಮಾತು ಚುನಾಯಿತ ಸಭೆಯ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕಲು ಅವಕಾಶ ಕೊಡುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅವರ ಅಭಿಪ್ರಾಯವಾಗಿತ್ತು. ನಮ್ಮ 21ನೇ ವಿಧಿಯಲ್ಲಿ ಆ ಮಾತಿನ ಬದಲು ‘ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ’ ಬಂದುದಕ್ಕೆ ಆ ಭೇಟಿಯೂ ಕಾರಣ. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಆ ಕಾರ್ಯವಿಧಾನವೂ ನ್ಯಾಯಸಮ್ಮತವಾಗಿರಬೇಕು ಎಂದಿತು. ಅಮೆರಿಕದ ಐದನೇ, ಹದಿನಾಲ್ಕನೇ ತಿದ್ದುಪಡಿಗಳನ್ನು ‘ಇಂಟರಾಕ್ಟಿವ್ ಕಾನ್‌ಸ್ಟಿಟ್ಯೂಷನ್’ನಲ್ಲಿ ತೆರೆದು, ಪಕ್ಕದಲ್ಲಿ ನಮ್ಮ ಸಂವಿಧಾನ ರಚನಾ ಸಭೆಯ ಚರ್ಚೆಗಳನ್ನಿಡಿ. ಆ ಚರ್ಚೆಗಳನ್ನು ಬೆಂಗಳೂರಿನ ಸೆಂಟರ್ ಫಾರ್ ಲಾ ಆ್ಯಂಡ್ ಪಾಲಿಸಿ ರಿಸರ್ಚ್ ಆನ್‌ಲೈನ್‌ನಲ್ಲಿ ಓದಲು ಇಟ್ಟಿದೆ.

ಗಮನದಲ್ಲಿರಲಿ

- ವಾರಕ್ಕೆ ಒಂದೇ ದಾಖಲೆ ಅಥವಾ ವಸ್ತು. ಒಂದೇ ದಿನ ನಾಲ್ಕು ಮ್ಯೂಸಿಯಂ ಸುತ್ತಿಸಬೇಡಿ.
- ನೋಡುವ ಮೊದಲು ಮಗುವಿನ ಕೈಯಿಂದಲೇ ಎರಡು ಪ್ರಶ್ನೆ ಬರೆಸಿ. ನೋಡಿದ ಮೇಲೆ ಅವುಗಳಿಗೆ ಉತ್ತರ ಸಿಕ್ಕಿತೇ ಎಂದು ಕೇಳಿ.
- ವಿವರಣೆ ಓದುವ ಮೊದಲು ವಸ್ತುವನ್ನು ನೋಡಿಸಿ.
- ಯಾವ ವರ್ಷದ್ದು, ಯಾರು ಬರೆದದ್ದು, ಯಾರಿಗಾಗಿ ಬರೆದದ್ದು ಎಂಬ ಮೂರು ಪ್ರಶ್ನೆಗಳನ್ನು ಯಾವ ದಾಖಲೆಯ ಬಗ್ಗೆಯೂ ಕೇಳದೆ ಬಿಡಬೇಡಿ.
- 13 ವರ್ಷದೊಳಗಿನ ಮಕ್ಕಳ ವೈಯಕ್ತಿಕ ಮಾಹಿತಿಯನ್ನು ತಾಣಗಳು ಪೋಷಕರ ಒಪ್ಪಿಗೆ ಇಲ್ಲದೆ ಸಂಗ್ರಹಿಸುವುದನ್ನು ಅಮೆರಿಕದ 1998ರ ಕಾನೂನು ತಡೆಯುತ್ತದೆ. ಖಾತೆ ಬೇಕಾದರೆ ಶಿಕ್ಷಕರದ್ದೋ ಪೋಷಕರದ್ದೋ ಬಳಸಿ. ಹೆಚ್ಚಿನ ಸಂಗ್ರಹಗಳಿಗೆ ಖಾತೆಯೇ ಬೇಡ.
- ಮಗುವಿನ ಶಾಲೆಯ ಸಮಾಜ ವಿಜ್ಞಾನದ ಶಿಕ್ಷಕರಿಗೆ ನೇರ ಕಾರ್ಯಕ್ರಮದ ಬಗ್ಗೆ ತಿಳಿಸಿ. ಪೋಷಕರು ಕೇಳಿದರೆ ಕಾದಿರಿಸುವ ಶಿಕ್ಷಕರು ಬಹಳ ಜನ.

ಇನ್ನೊಂದು ಮಾತು. ಮ್ಯೂಸಿಯಂಗಳು ಯಾವ ಕಥೆಯನ್ನು ಹೇಗೆ ಹೇಳಬೇಕು ಎಂಬುದೇ ಅಮೆರಿಕದಲ್ಲಿ ಇಂದು ವಿವಾದದ ವಿಷಯ. 2025ರ ಮಾರ್ಚ್‌ನಲ್ಲಿ ಅಧ್ಯಕ್ಷರು ಹೊರಡಿಸಿದ ಆದೇಶವೊಂದು ಸ್ಮಿತ್ಸೋನಿಯನ್ ಪ್ರದರ್ಶನಗಳನ್ನು ಹೆಸರಿಸಿಯೇ ಟೀಕಿಸಿತು. ಅದೇ ವರ್ಷ ಇತಿಹಾಸ ಮತ್ತು ಮಾನವಿಕ ವಿಷಯಗಳ ಅನೇಕ ಸರ್ಕಾರಿ ಅನುದಾನಗಳು ರದ್ದಾದವು. ಹೀಗಾಗಿ ಇಂದು ಇರುವ ಕಾರ್ಯಕ್ರಮ ನಾಳೆ ಬದಲಾಗಬಹುದು. ಉಪಯೋಗಕ್ಕೆ ಬರುವ ಪಾಠದ ಹಾಳೆಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ವಿವರಣೆಯ ಫಲಕ ಬದಲಾದರೂ ಮೂಲ ದಾಖಲೆ ಬದಲಾಗುವುದಿಲ್ಲ. ಮಗುವಿಗೆ ಅದನ್ನು ಓದಲು ಕಲಿಸಿದರೆ ಯಾರ ವಿವರಣೆಯನ್ನಾದರೂ ಅದು ತಾನೇ ಪರೀಕ್ಷಿಸಬಲ್ಲದು.

ಅಮೆರಿಕದ ಇತಿಹಾಸವನ್ನು ನೀವು ಶಾಲೆಯಲ್ಲಿ ಓದಿಲ್ಲ ಎಂಬುದು ಅಡ್ಡಿಯಲ್ಲ. ಉತ್ತರ ಗೊತ್ತಿಲ್ಲದ ಅಪ್ಪ ಅಮ್ಮ ಪಕ್ಕದಲ್ಲಿ ಕುಳಿತು ತಾವೂ ಹುಡುಕಿದರೆ ಮಗು ಹೆಚ್ಚು ಕಲಿಯುತ್ತದೆ. ಈ ಶನಿವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ, ಇಲ್ಲಿ ಹೇಳಿದ ಯಾವುದಾದರೂ ಒಂದು ಸಂಗ್ರಹ ತೆರೆಯಿರಿ, ಒಂದೇ ಒಂದು ದಾಖಲೆಯನ್ನು ಮಗುವಿನ ಜೊತೆ ಕೊನೆಯವರೆಗೆ ಓದಿ.